ಆ ನರಕದಲ್ಲಿ ಮಸೀದಿ ಎಲ್ಲಿದೆ ಅಂತ ಕೇಳಿದ ಮೇಷ್ಟ್ರಿಗೆ

ಹೋದ ಸಂಚಿಕೆಯ ನಡುಪುಟದಲ್ಲಿ ಟರ್ಕಿಯ ಫಹ್ರೆಲ್‌ನಿಸಾ ಝೈದ್ ಅವರ 'ನನ್ನ ನರಕ' ಪೇಂಟಿಂಗ್ ಹಾಕಿದ್ವಿ. ಅದನ್ನ ನೋಡಿ ತಿಪಟೂರಿನ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಇದು ಪ್ಯಾರಿಸ್ ಫ್ಯಾಷನ್ನು, ಬಣ್ಣದ ಚೂರು ಎರಚಿದ್ದಾರೆ ಅಷ್ಟೇ. ಪಶ್ಚಿಮದ ಕಲೆ ಮತ್ತು ಇಸ್ಲಾಮಿ ಪರಂಪರೆ ಎರಡೂ ಇದರಲ್ಲಿ ಕೂಡಿವೆ ಅಂತ ಬರೆದಿದ್ದೀರಿ. ಟರ್ಕಿಯವರು ಅನ್ನೋದು ಬಿಟ್ಟರೆ ಅದಕ್ಕೆ ಬೇರೆ ಆಧಾರ ಏನು?"

ಮೇಷ್ಟ್ರೇ, ನಿಮ್ಮ ಅನುಮಾನ ಅರ್ಧ ಸರಿ, ಆ ಅರ್ಧವನ್ನ ಮೊದಲು ಹೇಳ್ತೀನಿ. ಆಕೆಯನ್ನ ಕಂಡ ತಕ್ಷಣ ಬೈಝಾಂಟಿಯಮ್ (ಇಸ್ತಾಂಬುಲ್‌ನ ಹಳೇ ಹೆಸರು) ಕಾಲದ ಮೊಸಾಯಿಕ್ಕು, ಪೂರ್ವದ ರಾಜಕುಮಾರಿ ಅಂತ ಬರೆಯೋ ಚಾಳಿ ಯುರೋಪಿನ ವಿಮರ್ಶಕರಿಗೆ ಇತ್ತು, ಯಾಕಂದ್ರೆ ಆಕೆಯ ಗಂಡ ಇರಾಕಿನ ರಾಜಮನೆತನದವರು, ಲಂಡನ್ನಿನಲ್ಲಿ ಇರಾಕ್ ರಾಯಭಾರಿ. ಆಕೆಯ ಹತ್ತಿರವೇ ಕಲಿತು ಮುಂದೆ ಜೀವನಚರಿತ್ರೆ ಬರೆದ ಅದೀಲಾ ಲಾಯ್ದಿ ಹನಿಯೆ ಇದನ್ನ ಗಟ್ಟಿಯಾಗಿ ವಿರೋಧಿಸ್ತಾರೆ, ಈ ಲೇಬಲ್ಲಿನಿಂದ ಒಬ್ಬ ಮಾಡರ್ನ್ ಪೇಂಟರ್ ಮರೆಯಾಗಿಬಿಟ್ಟರು ಅಂತ. ಝೈದ್ ಕೂಡ ತಾನು ಅಬ್‌ಸ್ಟ್ರಾಕ್ಟ್ ಕಡೆ, ಅಂದ್ರೆ ವಸ್ತುವಿನ ರೂಪ ಬಿಟ್ಟು ಬರೀ ಬಣ್ಣ, ಆಕಾರದ ಕಡೆ ತಿರುಗಿದ್ದಕ್ಕೆ ಕಾರಣ ವಿಮಾನ ಅಂದಿದ್ರು. ಮೇಲಿಂದ ನೋಡಿದಾಗ ಇಡೀ ಊರು ಅಂಗೈಯಲ್ಲಿ ಹಿಡಿಯೋ ಹಾಗೆ ಕಂಡಿತಂತೆ, ಅಲ್ಲಿಂದ ನೋಡೋ ರೀತಿಯೇ ಬದಲಾಯ್ತಂತೆ.

ಹಾಗಿದ್ರೂ ನಾವು ಬರೆದ ಮಾತನ್ನ ನಾನು ಬಿಟ್ಟುಕೊಡಲ್ಲ. ಯಾಕೆ ಅಂತ ಹೇಳಬೇಕಂದ್ರೆ ಚಿತ್ರದ ಹತ್ತಿರ ಹೋಗಬೇಕು.

1951ರ ಈ ಕ್ಯಾನ್ವಾಸು ಐದು ಮೀಟರಿಗೂ ಹೆಚ್ಚು ಉದ್ದ, ಎರಡು ಮೀಟರಿಗೂ ಸ್ವಲ್ಪ ಜಾಸ್ತಿ ಎತ್ತರ, ಮುಂದೆ ನಿಂತವರಿಗೆ ಗೋಡೆಯೇ ಸರಿ. ಅದರ ತುಂಬಾ ಕೆಂಪು, ಹಳದಿ, ಕಪ್ಪು, ಬಿಳಿಯ ಮೊನಚು ಚೂರುಗಳು. ಇವು ಎರಚಿದ್ದಲ್ಲ ಮೇಷ್ಟ್ರೇ. ಒಂದೊಂದಕ್ಕೂ ಅಂಚಿದೆ, ಪಕ್ಕದ ಚೂರಿಗೆ ಒತ್ತಿಕೊಂಡು ಕೂತಿದೆ, ನೀವು ಡ್ರಾಯಿಂಗ್ ಕಲಿಸಿದವರು, ಇಷ್ಟು ದೊಡ್ಡ ಜಾಗದಲ್ಲಿ ಇದನ್ನ ಕೈಯಲ್ಲಿ ಮಾಡಿ ಮುಗಿಸೋದಕ್ಕೆ ಎಂಥಾ ತಾಳ್ಮೆ ಬೇಕು ಅಂತ ನಿಮಗೆ ನಾನು ಹೇಳಬೇಕಿಲ್ಲ.

ಈಗ ಇಸ್ತಾಂಬುಲ್‌ನ ಸುಲೆಮಾನಿಯೆ ಮಸೀದಿ ನೆನೆಸಿಕೊಳ್ಳಿ, 1557ರಲ್ಲಿ ಮುಗಿದದ್ದು, ಸುಲ್ತಾನರ ವಾಸ್ತುಶಿಲ್ಪಿ ಸಿನಾನ್ ಕಟ್ಟಿದ್ದು. ಅದರ ಕಿಬ್ಲಾ ಗೋಡೆಯಲ್ಲಿ, ಅಂದ್ರೆ ನಮಾಜಿಗೆ ಮುಖ ಮಾಡೋ ಮೆಕ್ಕಾ ದಿಕ್ಕಿನ ಗೋಡೆಯಲ್ಲಿ, ಬಣ್ಣದ ಗಾಜಿನ ಕಿಟಕಿಗಳಿವೆ, ಸಣ್ಣ ಸಣ್ಣ ಗಾಜನ್ನ ಗಾರೆಯ ಚೌಕಟ್ಟಿನಲ್ಲಿ ಕೂರಿಸಿರ್ತಾರೆ, ಗಾರೆಯ ಗೆರೆ ಕಪ್ಪಗೆ ಕಾಣುತ್ತೆ, ಅದರ ನಡುವೆ ಬಣ್ಣ ಉರಿಯುತ್ತೆ. ಝೈದ್ ಕ್ಯಾನ್ವಾಸಿನಲ್ಲಿ ಕಪ್ಪು ಮಾಡೋ ಕೆಲಸ ನನಗೆ ಇದನ್ನೇ ನೆನಪಿಸುತ್ತೆ.

ಆದ್ರೆ ಹೋಲಿಕೆಯನ್ನ ಇಲ್ಲಿಗೇ ನಿಲ್ಲಿಸಿದ್ರೆ ನೀವು ಬೈದಿದ್ದು ನ್ಯಾಯವೇ ಆಗುತ್ತೆ, ಯಾಕಂದ್ರೆ ಬಣ್ಣದ ಗಾಜು ಫ್ರಾನ್ಸಿನ ಚರ್ಚುಗಳಲ್ಲೂ ಇದೆ. ನಾನು ನೋಡೋದು ಬೇರೇನೇ. ಇಸ್ಲಾಮಿ ಜ್ಯಾಮಿತಿಯಲ್ಲಿ ಕೈವಾರ, ಸ್ಕೇಲು ಹಿಡಿದು ಆರು, ಎಂಟು, ಹತ್ತು ಮೂಲೆಯ ನಕ್ಷತ್ರ ಕಟ್ಟಿ, ಅದನ್ನೇ ಮತ್ತೆ ಮತ್ತೆ ಹರಡ್ತಾ ಹೋಗ್ತಾರೆ, ಗೋಡೆ ಮುಗಿದಲ್ಲಿ ಡಿಸೈನ್ ಮುಗಿಯಲ್ಲ, ಕತ್ತರಿಸಿರುತ್ತೆ ಅಷ್ಟೇ, ಮನಸ್ಸಿನಲ್ಲಿ ಅದು ಮುಂದುವರಿಯುತ್ತೆ. ಅದರಲ್ಲಿ ಹೀರೋ ಅಂತ ಒಂದು ಆಕೃತಿ ಇಲ್ಲ, ಕಣ್ಣು ಕೂರೋಕೆ ಒಂದೇ ಜಾಗ ಇಲ್ಲ. ಝೈದ್ ಈ ಗುಣ ಇಟ್ಟುಕೊಂಡರು, ಪುನರಾವರ್ತನೆಯನ್ನ ಪೂರ್ತಿ ಬಿಟ್ಟರು. ಒಂದು ಚೂರು ಇನ್ನೊಂದರ ಹಾಗಿಲ್ಲ, ಕೈವಾರದ ಲೆಕ್ಕ ಇಲ್ಲ, ಆದ್ರೂ ಚಿತ್ರ ನಾಲ್ಕೂ ಅಂಚಿನಿಂದ ಆಚೆ ಹರಿದುಹೋಗ್ತಾ ಇದೆ ಅನ್ಸುತ್ತೆ. ಮಸೀದಿಯ ಗೋಡೆ ನೋಡೋರಿಗೆ ನೆಮ್ಮದಿ ಕೊಡೋದು ಅದರ ಕ್ರಮದಿಂದ, ಆ ಕ್ರಮವನ್ನೇ ತೆಗೆದಿಟ್ಟರೆ ಕೊನೆಯಿಲ್ಲದಿರೋದು ಎಷ್ಟು ಭಯಂಕರ ಅನ್ನೋದು ಈ ಚಿತ್ರದಲ್ಲಿ ಕಾಣುತ್ತೆ. ನನ್ನ ಪ್ರಕಾರ ಎರಡು ಪರಂಪರೆ ಸೇರಿರೋದು ಇಲ್ಲೇ, ಕಣ್ಣನ್ನ ಓಡಾಡಿಸೋ ರೀತಿಯಲ್ಲಿ.

ಇನ್ನು "ಪ್ಯಾರಿಸ್ ಫ್ಯಾಷನ್" ವಿಷಯ. 1928ರಲ್ಲಿ ಆಕೆ ಪ್ಯಾರಿಸ್‌ನ ರಾನ್ಸಾಂ ಅಕಾಡೆಮಿಯಲ್ಲಿ ರೋಜೆ ಬಿಸಿಯೇರ್ ಹತ್ತಿರ ಕಲಿತದ್ದು ನಿಜ, ಯುದ್ಧದ ನಂತರ ಅಲ್ಲಿನ ಅಬ್‌ಸ್ಟ್ರಾಕ್ಟ್ ಪೇಂಟರುಗಳ ಜೊತೆ ಪ್ರದರ್ಶನ ಮಾಡಿದ್ದೂ ನಿಜ. ಆದ್ರೆ ಆಯಿಲ್ ಪೇಂಟಿಂಗು ಆಕೆಗೆ ಪ್ಯಾರಿಸ್‌ನಿಂದ ತಂದ ಸಾಮಾನೇನಲ್ಲ. ಇಸ್ತಾಂಬುಲ್‌ನಲ್ಲಿ ಪೇಂಟರ್ ಉಸ್ಮಾನ್ ಹಮ್ದಿ ಬೇ ನೇತೃತ್ವದಲ್ಲಿ 1883ರಲ್ಲೇ ಲಲಿತಕಲಾ ಶಾಲೆ ಶುರುವಾಗಿತ್ತು, 1914ರಲ್ಲಿ ಹೆಣ್ಣುಮಕ್ಕಳಿಗೆ ಬೇರೆ ಶಾಲೆ ಬಂತು, 1901ರಲ್ಲಿ ಬ್ಯೂಯೂಕಡಾ ದ್ವೀಪದಲ್ಲಿ ಹುಟ್ಟಿದ ಝೈದ್ ಸೇರಿದ್ದು ಆ ಶಾಲೆಗೆ, ಇನ್ನೂ ಸುಲ್ತಾನರ ಕಾಲ ಅದು. ಆಕೆ ಅಕ್ಷರ ಕಲಿತದ್ದು ಅರಬ್ಬಿ ಲಿಪಿಯಲ್ಲಿ, ಅದೇ 1928ರಲ್ಲಿ ಸರ್ಕಾರ ಲಿಪಿಯನ್ನೇ ಲ್ಯಾಟಿನ್‌ಗೆ ಬದಲಾಯಿಸ್ತು. ಇಂಥವರ ಒಳಗೆ ಪೂರ್ವ ಎಲ್ಲಿ ಮುಗೀತು, ಪಶ್ಚಿಮ ಎಲ್ಲಿ ಶುರುವಾಯ್ತು ಅಂತ ಗೆರೆ ಎಳೆಯೋಕೆ ಆಗಲ್ಲ, ಹಾಗಾಗಿ ನಕಲು ಅನ್ನೋ ಮಾತು ನನಗೆ ಒಪ್ಪಿಗೆ ಇಲ್ಲ.

ನಿಜವಾಗಿ ಪಶ್ಚಿಮದ್ದು ಅಂತ ನನಗನ್ಸೋದು ಒಬ್ಬ ವ್ಯಕ್ತಿಯ ಸಂಕಟವನ್ನ ಇಷ್ಟು ದೊಡ್ಡ ಗೋಡೆ ಮಾಡಿ ನಿಲ್ಲಿಸೋ ಧೈರ್ಯ. ಆಕೆಗೆ ಹದಿಮೂರು ವರ್ಷದ ಆಸುಪಾಸಿನಲ್ಲಿ ತಂದೆ ಗುಂಡೇಟಿಗೆ ಸತ್ತರು, ಅಣ್ಣನಿಗೇ ಶಿಕ್ಷೆ ಆಯ್ತು. ಮೊದಲನೇ ಮಗು ಸ್ಕಾರ್ಲೆಟ್ ಜ್ವರಕ್ಕೆ ಹೋಯ್ತು, ಡಿಪ್ರೆಶನ್ ಆಕೆಯನ್ನ ಮತ್ತೆ ಮತ್ತೆ ಕಾಡ್ತು. ಇಂಥಾ ಚೂರು ಇಂಥಾ ದುಃಖ ಅಂತ ಲೆಕ್ಕ ಹಾಕೋದು ನನಗಿಷ್ಟ ಇಲ್ಲ, ಅದು ಚಿತ್ರಕ್ಕೂ ಆಕೆಗೂ ಅವಮಾನ. ಆದ್ರೆ ಮಸೀದಿ ಗೋಡೆಯ ಟೈಲ್ಸಿನಲ್ಲಿ ಕುಶಲಕರ್ಮಿಯ ಸ್ವಂತ ನೋವು ನಮಗೆ ಸಿಗಲ್ಲ, ಸಿಗಬಾರದು ಅನ್ನೋದೇ ಅಲ್ಲಿನ ರೀತಿ. ಇಲ್ಲಿ ಮಾತ್ರ ಆಕೆ ಅದನ್ನ ತನ್ನದು ಅಂತ ಹೆಸರಿಟ್ಟೇ ಕರೀತಾರೆ.

ಚಿತ್ರ ಈಗ ಇಸ್ತಾಂಬುಲ್ ಮಾಡರ್ನ್ ಮ್ಯೂಸಿಯಂ ಸಂಗ್ರಹದಲ್ಲಿದೆ, ಆಕೆಯ ಮಕ್ಕಳು ಕೊಟ್ಟಿದ್ದು. ನೀವು ಕೇಳಿದ ಹಾಗೆ ಮುಂದಿನ ಸಂಚಿಕೆಯಲ್ಲಿ ಅದರ ಒಂದು ಭಾಗವನ್ನಷ್ಟೇ ಪೂರ್ತಿ ಪುಟಕ್ಕೆ ಹಾಕ್ತೀವಿ, ಪಕ್ಕದ ಪುಟದಲ್ಲಿ ಸುಲೆಮಾನಿಯೆ ಕಿಟಕಿ ಇರುತ್ತೆ. ಎರಡನ್ನೂ ನೋಡಿ ಒಪ್ಪಿಗೆ ಆಗದಿದ್ರೆ ಮತ್ತೆ ಬರೀರಿ, ಅಚ್ಚು ಹಾಕ್ತೀವಿ.

— ಸಂಪಾದಕ