ಆಫೀಸಿನ ಫೈಲು ಯಾರ ಹೆಸರಲ್ಲಿದೆ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಫ್ಯಾಬ್ರಿಕೇಶನ್ ಘಟಕ. ಆಫೀಸಿನಲ್ಲಿ ಎಂಟು ಜನ. ಹಳೇ ಕಂಪ್ಯೂಟರ್ ಒಂದರಲ್ಲಿ ಶೇರ್ ಫೋಲ್ಡರ್ ಇಟ್ಟುಕೊಂಡು ಕೊಟೇಶನ್, ಪರ್ಚೇಸ್ ಆರ್ಡರ್ ಎಲ್ಲ ಅಲ್ಲೇ ಮಾಡುತ್ತೇವೆ. ಎಲ್ಲರಿಗೂ ಆಫೀಸ್ 2016. ಒಬ್ಬರು ಫೈಲ್ ತೆರೆದರೆ ಇನ್ನೊಬ್ಬರಿಗೆ ಲಾಕ್ ಆಗುತ್ತದೆ, ಹಾಗಾಗಿ ವಾಟ್ಸ್‌ಆಪ್‌ನಲ್ಲಿ ಕಳಿಸಿಕೊಳ್ಳುತ್ತಾರೆ. ಕಳೆದ ತಿಂಗಳು ಹಳೇ ರೇಟಿನ ಕೊಟೇಶನ್ ಪಾರ್ಟಿಗೆ ಹೋಗಿಬಿಟ್ಟಿತು. ಮೈಕ್ರೋಸಾಫ್ಟ್ ತಗೊಳ್ಳೋದಾ, ಗೂಗಲ್ ತಗೊಳ್ಳೋದಾ?

ಉತ್ತರ: ಬದಲಾಯಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆಫೀಸ್ 2016ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಅದೇ ದಿನ ಮುಗಿಯಿತು. ನಿಮ್ಮ ಹಳೇ ಕಂಪ್ಯೂಟರ್‌ನಲ್ಲಿ ಯಾವ ವಿಂಡೋಸ್ ಇದೆ ಅಂತ ನೀವು ಬರೆದಿಲ್ಲ. ಅದನ್ನು ಇವತ್ತೇ ನೋಡಿ.

ಆದರೆ ಕೊಟೇಶನ್ ತಪ್ಪಿದ್ದು ಆಫೀಸ್ ಹಳೆಯದು ಅಂತ ಅಲ್ಲ. ಲಾಕ್ ಆದ ಫೈಲನ್ನು ಒಬ್ಬರು 'ಸೇವ್ ಆ್ಯಸ್' ಮಾಡಿ ಪಕ್ಕದಲ್ಲಿ ಇಟ್ಟಿರುತ್ತಾರೆ. ಇನ್ನೊಬ್ಬರು ಫೋನಿಗೆ ಇಳಿಸಿಕೊಂಡಿರುತ್ತಾರೆ. ಮೂರನೆಯವರ ಹತ್ತಿರ 'ಫೈನಲ್', 'ಫೈನಲ್ ನ್ಯೂ' ಎರಡೂ ಇರುತ್ತವೆ. ಯಾವುದು ಅಸಲಿ ಅಂತ ಹೇಳುವವರೇ ಇಲ್ಲ. ಹೊಸ ಸಾಫ್ಟ್‌ವೇರ್ ತಂದು ಇದೇ ಅಭ್ಯಾಸ ಮುಂದುವರಿಸಿದರೆ ತಿಂಗಳ ಬಿಲ್ಲು ಜಾಸ್ತಿಯಾಗುತ್ತದೆ, ಅಷ್ಟೇ. ಮೊದಲ ನಿಯಮ ಹೀಗಿರಲಿ: ಒಂದು ಕೊಟೇಶನ್ನಿಗೆ ಒಂದೇ ಫೈಲು, ಅದು ಕಂಪನಿಯ ಖಾತೆಯಲ್ಲಿ. ಸಿಬ್ಬಂದಿ ಒಬ್ಬರಿಗೊಬ್ಬರು ಲಿಂಕ್ ಕಳಿಸಲಿ, ಫೈಲು ಬೇಡ. ಪಾರ್ಟಿಗೆ ಹೋಗುವುದು ಪಿಡಿಎಫ್ ಮಾತ್ರ.

ಇನ್ನು ಮೈಕ್ರೋಸಾಫ್ಟಾ ಗೂಗಲ್ಲಾ ಅನ್ನುವುದು. ಇದಕ್ಕೆ ಉತ್ತರ ನಿಮ್ಮ ಎಕ್ಸೆಲ್ ಫೈಲಿನ ಒಳಗೇ ಇದೆ. ಎಸ್ಟಿಮೇಶನ್ ಶೀಟ್ ತೆರೆದು ನೋಡಿ, ಅದರಲ್ಲಿ ಮ್ಯಾಕ್ರೋ ಇದೆಯಾ? ಒಂದು ಬಟನ್ ಒತ್ತಿದರೆ ತೂಕ, ಪ್ಲೇಟ್ ಸೈಜ್, ರೇಟ್ ಎಲ್ಲ ತಾನಾಗಿ ಬರುವ ಹಾಗೆ ಯಾರೋ ಹಿಂದೆ ಮಾಡಿಕೊಟ್ಟಿರುತ್ತಾರೆ, ಅಲ್ವಾ? ಆ ಮ್ಯಾಕ್ರೋ ಗೂಗಲ್ ಶೀಟ್ಸ್‌ನಲ್ಲಿ ಓಡುವುದಿಲ್ಲ. ಬ್ರೌಸರ್‌ನಲ್ಲಿ ತೆರೆಯುವ ಎಕ್ಸೆಲ್‌ನಲ್ಲೂ ಓಡುವುದಿಲ್ಲ. ಕಂಪ್ಯೂಟರ್‌ನಲ್ಲಿ ಇನ್‌ಸ್ಟಾಲ್ ಮಾಡಿದ ಎಕ್ಸೆಲ್ಲೇ ಬೇಕು. ಮ್ಯಾಕ್ರೋ ಇಲ್ಲ, ಬರೀ ಕೂಡುವುದು ಕಳೆಯುವುದು ಅಂದರೆ ಗೂಗಲ್ ಧಾರಾಳವಾಗಿ ಸಾಕು.

ಎಷ್ಟೋ ಜನ ಸಿಕ್ಕಿಬೀಳುವ ಒಂದು ಜಾಗ ಹೇಳುತ್ತೇನೆ. ಮೈಕ್ರೋಸಾಫ್ಟ್ 365ರಲ್ಲಿ 'ಬಿಸಿನೆಸ್ ಬೇಸಿಕ್' ಅನ್ನುವ ಪ್ಲಾನ್ ಅಗ್ಗ. ಅದರಲ್ಲಿ ಬ್ರೌಸರ್ ಮತ್ತು ಮೊಬೈಲ್‌ನಲ್ಲಿ ನಡೆಯುವ ವರ್ಡ್, ಎಕ್ಸೆಲ್ ಮಾತ್ರ ಸಿಗುತ್ತವೆ. ಕಂಪ್ಯೂಟರ್‌ಗೆ ಹಾಕಿಕೊಳ್ಳುವ ಎಕ್ಸೆಲ್ ಬೇಕಾದರೆ 'ಬಿಸಿನೆಸ್ ಸ್ಟ್ಯಾಂಡರ್ಡ್' ತಗೊಳ್ಳಬೇಕು. ಹಾಗಂತ ಎಂಟೂ ಜನರಿಗೆ ದುಬಾರಿ ಪ್ಲಾನ್ ಬೇಡ. ಒಂದೇ ಕಂಪನಿಯಲ್ಲಿ ಎರಡನ್ನೂ ಬೆರೆಸಬಹುದು. ಎಸ್ಟಿಮೇಶನ್ ಮತ್ತು ಲೆಕ್ಕಪತ್ರ ನೋಡುವವರಿಗೆ ಸ್ಟ್ಯಾಂಡರ್ಡ್, ಉಳಿದವರಿಗೆ ಬೇಸಿಕ್. ಮಾರುವವರು ಇದನ್ನು ತಾವಾಗಿ ಹೇಳಲಿ ಅಂತ ಕಾಯಬೇಡಿ.

ಫೈಲ್ ಸಾಗಿಸುವ ಮೊದಲು ಎರಡು ಪರೀಕ್ಷೆ ಮಾಡಿ. ಹಳೇ ಎಕ್ಸ್‌ಎಲ್‌ಎಸ್ ಫೈಲುಗಳಲ್ಲಿ ಇಬ್ಬರು ಒಟ್ಟಿಗೆ ಕೆಲಸ ಮಾಡಲು ಆಗುವುದಿಲ್ಲ. ಅದಕ್ಕೆ ಎಕ್ಸ್‌ಎಲ್‌ಎಸ್‌ಎಕ್ಸ್ ಬೇಕು, ಮ್ಯಾಕ್ರೋ ಇರುವ ಫೈಲಾದರೆ ಎಕ್ಸ್‌ಎಲ್‌ಎಸ್‌ಎಮ್. ಫೈಲ್ ಮೆನುವಿನ ಇನ್ಫೋದಲ್ಲಿ 'ಕನ್ವರ್ಟ್' ಇದೆ, ಅದನ್ನು ಒತ್ತಿ. ಎರಡನೆಯದು ಇದಕ್ಕಿಂತ ಮುಖ್ಯ. ಒಂದು ಶೀಟಿನಿಂದ ಇನ್ನೊಂದು ಫೈಲಿಗೆ ಫಾರ್ಮುಲಾ ಕೊಟ್ಟಿದ್ದರೆ ಅದರೊಳಗೆ ಶೇರ್ ಫೋಲ್ಡರ್‌ನ ಹಳೇ ವಿಳಾಸ ಕೂತಿರುತ್ತದೆ. ಫೈಲ್ ಬೇರೆ ಕಡೆ ಹೋದರೂ ಫಾರ್ಮುಲಾ ಹಳೇ ಜಾಗವನ್ನೇ ಹುಡುಕುತ್ತದೆ. ಆ ಕಂಪ್ಯೂಟರ್ ಇನ್ನೂ ಆನ್ ಇದ್ದರೆ ಇನ್ನೂ ಅಪಾಯ. ಯಾವ ಎರರ್ರೂ ತೋರಿಸದೆ ಹಳೇ ರೇಟನ್ನೇ ತಂದು ಕೂರಿಸುತ್ತದೆ! ನಿಮ್ಮ ಕಳೆದ ತಿಂಗಳ ಕಥೆ ಮತ್ತೆ ಶುರು. ಡೇಟಾ ಮೆನುವಿನಲ್ಲಿ 'ಎಡಿಟ್ ಲಿಂಕ್ಸ್' (ಹೊಸ ಎಕ್ಸೆಲ್‌ನಲ್ಲಿ 'ವರ್ಕ್‌ಬುಕ್ ಲಿಂಕ್ಸ್') ತೆರೆದು ಒಂದೊಂದನ್ನೂ ಹೊಸ ಜಾಗಕ್ಕೆ ತಿರುಗಿಸಿ.

ಶನಿವಾರ ಸಂಜೆ ಕೆಲಸ ಮುಗಿದ ಮೇಲೆ ಸಾಗಿಸಿ. ಈಗ ನಡೆಯುತ್ತಿರುವ ಆರ್ಡರ್‌ಗಳ ಫೈಲು ಮಾತ್ರ ಸಾಕು. ಹಳೇ ಫೋಲ್ಡರ್ ಅಳಿಸಬೇಡಿ, 'ರೀಡ್ ಓನ್ಲಿ' ಮಾಡಿ. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಕೊಡಬೇಕಾದ ಕೊನೇ ದಿನದಿಂದ 72 ತಿಂಗಳು ಇಟ್ಟುಕೊಳ್ಳಲೇಬೇಕು. ಟ್ಯಾಲಿಯ ಡೇಟಾ ಫೋಲ್ಡರನ್ನು ಮಾತ್ರ ಒನ್‌ಡ್ರೈವ್ (ಮೈಕ್ರೋಸಾಫ್ಟ್‌ನ ಆನ್‌ಲೈನ್ ಫೈಲ್ ಜಾಗ) ಒಳಗೆ ಇಟ್ಟು ಕೆಲಸ ಮಾಡಬೇಡಿ. ಟ್ಯಾಲಿ ಬರೆಯುತ್ತಿರುವಾಗಲೇ ಸಿಂಕ್ (ಆನ್‌ಲೈನ್ ಪ್ರತಿಗೆ ಹೊಂದಿಸುವುದು) ನಡೆದರೆ ಡೇಟಾ ಕೆಡಬಹುದು. ಟ್ಯಾಲಿಯ ಬ್ಯಾಕಪ್ ಫೈಲು ಅಲ್ಲಿಗೆ ಹೋಗಲಿ, ಪರವಾಗಿಲ್ಲ. ಸಿಂಕ್ ಆಗಿದೆ ಅಂದರೆ ಬ್ಯಾಕಪ್ ಆಗಿದೆ ಅಂತಲೂ ಅಲ್ಲ. ಒಬ್ಬರು ಅಳಿಸಿದರೆ ಎಲ್ಲರ ಕಂಪ್ಯೂಟರ್‌ನಲ್ಲೂ ಅಳಿಯುತ್ತದೆ. ಕಂಪನಿಯ ಒನ್‌ಡ್ರೈವ್‌ನ ಕಸದ ಬುಟ್ಟಿಯಲ್ಲಿ ಅದು 93 ದಿನ ಇರುತ್ತದೆ, ಆಮೇಲೆ ಸಿಗುವುದಿಲ್ಲ. ತಿಂಗಳಿಗೊಮ್ಮೆ ಬೇರೆ ಹಾರ್ಡ್ ಡಿಸ್ಕ್‌ಗೆ ಒಂದು ಪ್ರತಿ ಇಳಿಸಿಡಿ.

ಪ್ರಶ್ನೆ: ಮೈಸೂರಿನಲ್ಲಿ ಇಂಟೀರಿಯರ್ ಡಿಸೈನ್ ಸಂಸ್ಥೆ ನಡೆಸುತ್ತಿದ್ದೇನೆ. ನಮ್ಮ ಡಿಸೈನರ್ ಒಬ್ಬರು ಕೆಲಸ ಬಿಟ್ಟರು. ಗ್ರಾಹಕರ ಪಟ್ಟಿ, ಅಳತೆ, ಬಿಲ್ ಶೀಟು ಎಲ್ಲ ಅವರ ಸ್ವಂತ ಜಿಮೇಲ್‌ನಲ್ಲಿ ಮಾಡಿ ನಮಗೆ ಶೇರ್ ಮಾಡಿದ್ದರು. ಈಗಲೂ ತೆರೆಯುತ್ತಿದೆ. ಏನಾದರೂ ಮಾಡಬೇಕಾ?

ಉತ್ತರ: ಇವತ್ತೇ ಮಾಡಬೇಕು. 'ಈಗಲೂ ತೆರೆಯುತ್ತಿದೆ' ಅನ್ನುವುದು ಅವರ ದಯೆ, ನಿಮ್ಮ ಹಕ್ಕಲ್ಲ. ಸ್ವಂತ ಜಿಮೇಲ್‌ನಲ್ಲಿ ಯಾರು ಫೈಲ್ ಸೃಷ್ಟಿಸುತ್ತಾರೋ ಗೂಗಲ್ ಲೆಕ್ಕದಲ್ಲಿ ಅವರೇ ಮಾಲೀಕರು. ಸಂಬಳ ಕೊಟ್ಟವರು ಯಾರು ಅಂತ ಗೂಗಲ್ ಕೇಳುವುದಿಲ್ಲ. ಅವರು ಶೇರ್ ತೆಗೆದರೆ ಆ ಕ್ಷಣವೇ ನಿಮಗೆ ಬಾಗಿಲು ಮುಚ್ಚುತ್ತದೆ. ಅಳಿಸಿದರೆ 30 ದಿನ ಅವರ ಟ್ರ್ಯಾಶ್‌ನಲ್ಲಿದ್ದು ಆಮೇಲೆ ಹೋಗುತ್ತದೆ. ಬೇಕಂತಲೇ ಮಾಡಬೇಕು ಅಂತಲೂ ಇಲ್ಲ. ಉಚಿತ 15 ಜಿಬಿ ತುಂಬಿತು ಅಂತ ಸುಮ್ನೆ ಹಳೇ ಫೋಲ್ಡರ್ ಖಾಲಿ ಮಾಡಬಹುದು. ಖಾತೆಯನ್ನೇ ಬಳಸದೆ ಬಿಟ್ಟರೂ ಕಷ್ಟವೇ. ಎರಡು ವರ್ಷ ಬಳಸದ ಸ್ವಂತ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ.

ನಿಮಗೆ ಎಡಿಟ್ ಮಾಡುವ ಅನುಮತಿ ಇದ್ದರೆ ಫೈಲುಗಳನ್ನು ಒಟ್ಟಿಗೆ ಆಯ್ದು 'ಮೇಕ್ ಎ ಕಾಪಿ' ಒತ್ತಿ. ಪ್ರತಿ ನಿಮ್ಮ ಹೆಸರಿಗೆ ಬರುತ್ತದೆ. ಆದರೆ ಅದರ ಜೊತೆ ಹಳೇ ಇತಿಹಾಸ ಬರುವುದಿಲ್ಲ. ಯಾವ ದಿನ ಯಾರು ಯಾವ ಅಳತೆ ತಿದ್ದಿದರು ಅನ್ನುವುದೆಲ್ಲ ಮೂಲ ಫೈಲಿನಲ್ಲೇ ಉಳಿಯುತ್ತದೆ. ಯಾವುದಾದರೂ ಗ್ರಾಹಕರ ಜೊತೆ ಲೆಕ್ಕದ ತಕರಾರು ಇದ್ದರೆ ಆ ಫೈಲಿನ ವರ್ಶನ್ ಹಿಸ್ಟರಿ ತೆರೆದು ಮುಖ್ಯ ಆವೃತ್ತಿಗಳನ್ನು ಬೇರೆಯಾಗಿ ಉಳಿಸಿಕೊಳ್ಳಿ.

ಆಮೇಲೆ ಅವರಿಗೆ ಫೋನ್ ಮಾಡಿ. ಕದ್ದುಮುಚ್ಚಿ ಮಾಡುವ ಕೆಲಸ ಇದಲ್ಲ. ಚೆನ್ನಾಗಿಯೇ ಬಿಟ್ಟು ಹೋಗಿದ್ದಾರೆ ಅಂದರೆ ಸಹಾಯ ಮಾಡುತ್ತಾರೆ. ಜಿಮೇಲ್‌ನಿಂದ ಇನ್ನೊಂದು ಜಿಮೇಲ್‌ಗೆ ಮಾಲೀಕತ್ವ ವರ್ಗಾಯಿಸಬಹುದು, ನೀವು ಒಪ್ಪಿಗೆ ಕೊಟ್ಟ ಮೇಲೆ ಅದು ಜಾರಿಯಾಗುತ್ತದೆ. ಗ್ರಾಹಕರ ವಾಟ್ಸ್‌ಆಪ್‌ನಲ್ಲಿ ಹಳೇ ಲಿಂಕ್ ಇರುತ್ತದೆ, ನೆನಪಿರಲಿ. ಪ್ರತಿ ಮಾಡಿಕೊಂಡಿದ್ದರೆ ಹೊಸ ಲಿಂಕ್ ಕಳಿಸಿ, ಇಲ್ಲದಿದ್ದರೆ ಅವರು ಹಳೇ ಶೀಟನ್ನೇ ನೋಡುತ್ತಿರುತ್ತಾರೆ.

ಮುಂದಕ್ಕೆ ಕಂಪನಿ ಹೆಸರಿನ ಡೊಮೇನ್ (ವೆಬ್ ವಿಳಾಸ) ತಗೊಂಡು ಗೂಗಲ್ ವರ್ಕ್‌ಸ್ಪೇಸ್‌ಗೆ, ಅಂದರೆ ಕಂಪನಿಗಳಿಗಾಗಿ ಇರುವ ಗೂಗಲ್ ಸೇವೆಗೆ ಹೋಗಿ. ಅಲ್ಲೂ ಒಂದು ಎಚ್ಚರ ಬೇಕು. ಯಾರಾದರೂ ಬಿಟ್ಟುಹೋದರೆ ಲೈಸೆನ್ಸ್ ದುಡ್ಡು ಉಳಿಯಲಿ ಅಂತ ಖಾತೆ ಅಳಿಸುವ ಅವಸರ ಇರುತ್ತದೆ. ಅಳಿಸುವಾಗ ಅವರ ಫೈಲುಗಳನ್ನು ಯಾರಿಗೆ ವರ್ಗಾಯಿಸಬೇಕು ಅಂತ ಅಡ್ಮಿನ್ ಪರದೆ ಕೇಳುತ್ತದೆ. ಅದನ್ನು ಓದದೆ ಮುಂದೆ ಹೋದರೆ ಅಳಿಸಿದ ಖಾತೆಯನ್ನು ಮರಳಿ ತರಲು ಇರುವುದು 20 ದಿನ ಮಾತ್ರ.

ಪ್ರಶ್ನೆ: ಧಾರವಾಡದ ನಮ್ಮ ಆಫೀಸಿನಲ್ಲಿ ಪರಿಚಯದ ಹುಡುಗನೊಬ್ಬ ಉಬುಂಟು 20.04 (ವಿಂಡೋಸ್ ಬದಲಿಗೆ ಬಳಸುವ ಆಪರೇಟಿಂಗ್ ಸಿಸ್ಟಂ) ಮೇಲೆ ನೆಕ್ಸ್ಟ್‌ಕ್ಲೌಡ್ 25 (ನಮ್ಮದೇ ಕಂಪ್ಯೂಟರ್‌ನಲ್ಲಿ ಫೈಲ್ ಹಂಚಿಕೊಳ್ಳುವ ಸಾಫ್ಟ್‌ವೇರ್) ಹಾಕಿಕೊಟ್ಟಿದ್ದ. ಈಗ ಅವನು ಊರಲ್ಲಿಲ್ಲ. ಅಪ್‌ಡೇಟ್ ಮಾಡಿ ಅಂತ ದಿನಾ ತೋರಿಸುತ್ತಿದೆ. ನೇರವಾಗಿ ಹೊಸ ಆವೃತ್ತಿಗೆ ಹೋಗಬಹುದಾ?

ಉತ್ತರ: ಹೋಗಲು ಬರುವುದಿಲ್ಲ. ನೆಕ್ಸ್ಟ್‌ಕ್ಲೌಡ್‌ನಲ್ಲಿ ದೊಡ್ಡ ಆವೃತ್ತಿಗಳನ್ನು ಹಾರಿ ದಾಟುವಂತಿಲ್ಲ. 25ರಿಂದ 26, 26ರಿಂದ 27, ಹೀಗೆ ಒಂದೊಂದೇ. ಪ್ರತಿ ಸಲವೂ ಫೈಲುಗಳು, ಕ್ಯಾಲೆಂಡರ್, ಲಾಗಿನ್ ಸರಿ ಇದೆಯಾ ನೋಡಿಕೊಂಡು ಮುಂದಿನದಕ್ಕೆ ಹೋಗಿ.

ನಿಮ್ಮ ನಿಜವಾದ ತೊಡಕು ಪಿಎಚ್‌ಪಿ, ಅಂದರೆ ನೆಕ್ಸ್ಟ್‌ಕ್ಲೌಡ್ ಓಡಲು ಬೇಕಾದ ಪ್ರೋಗ್ರಾಮಿಂಗ್ ಭಾಷೆ. ಉಬುಂಟು 20.04 ಜೊತೆ ಬರುವುದು ಪಿಎಚ್‌ಪಿ 7.4. ನೆಕ್ಸ್ಟ್‌ಕ್ಲೌಡ್ 26 ಅದನ್ನು ಒಪ್ಪುವುದಿಲ್ಲ. ಹಾಗಾಗಿ 25ರಲ್ಲೇ ನಿಂತು ಮೊದಲು ಉಬುಂಟುವನ್ನು 22.04ಕ್ಕೆ ತನ್ನಿ. ಅಲ್ಲಿ ಪಿಎಚ್‌ಪಿ 8.1 ಸಿಗುತ್ತದೆ, 25ಕ್ಕೂ ಅದು ನಡೆಯುತ್ತದೆ. ಹೇಗೂ ಮಾಡುತ್ತಿದ್ದೇವಲ್ಲ ಅಂತ ಒಂದೇ ಏಟಿಗೆ 24.04ಕ್ಕೆ ಹೋದಿರೋ, ಅಲ್ಲಿರುವುದು ಪಿಎಚ್‌ಪಿ 8.3. ನೆಕ್ಸ್ಟ್‌ಕ್ಲೌಡ್ 25 ತೆರೆಯುವುದೇ ಇಲ್ಲ. ಸೋಮವಾರ ಬೆಳಿಗ್ಗೆ ಆಫೀಸಿನವರೆಲ್ಲ ನಿಮ್ಮ ಮುಖ ನೋಡುತ್ತಾರೆ.

ಕೈ ಹಾಕುವ ಮುಂಚೆ ಯಾರೂ ಬಳಸದ ಹಾಗೆ ಮೇಂಟೆನೆನ್ಸ್ ಮೋಡ್ ಹಾಕಿ ಮೂರನ್ನೂ ಬ್ಯಾಕಪ್ ತೆಗೆಯಿರಿ: ಕಾನ್ಫಿಗ್ ಫೋಲ್ಡರ್, ಡೇಟಾ ಫೋಲ್ಡರ್, ಡೇಟಾಬೇಸ್. ಮೂರನೆಯದನ್ನೇ ಜನ ಮರೆಯುವುದು. ಫೈಲುಗಳು ಡೇಟಾ ಫೋಲ್ಡರ್‌ನಲ್ಲಿ ಕಣ್ಣಿಗೆ ಕಾಣುತ್ತವೆ, ಸಾಕು ಅನ್ನಿಸುತ್ತದೆ. ಆದರೆ ಯಾವ ಫೈಲು ಯಾರಿಗೆ ಶೇರ್ ಆಗಿದೆ, ಕ್ಯಾಲೆಂಡರ್‌ನಲ್ಲಿ ಏನಿದೆ ಅನ್ನುವುದೆಲ್ಲ ಡೇಟಾಬೇಸ್‌ನಲ್ಲಿರುತ್ತದೆ. ತೆಗೆದ ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರ್‌ನಲ್ಲಿ ಒಮ್ಮೆ ಎತ್ತಿ ನಿಲ್ಲಿಸಿ ನೋಡಿ. ಡಾಕ್ಯುಮೆಂಟ್ ತಿದ್ದಲು ಕೊಲಾಬೊರಾ ಅಥವಾ ಓನ್ಲಿಆಫೀಸ್ ಹಾಕಿದ್ದರೆ ಅದನ್ನು ಬೇರೆಯಾಗಿಯೇ ಮೇಲ್ದರ್ಜೆಗೆ ಏರಿಸಬೇಕು.

ನೆಕ್ಸ್ಟ್‌ಕ್ಲೌಡ್ ಒಳ್ಳೆಯ ಸಾಫ್ಟ್‌ವೇರ್, ನನಗೂ ಇಷ್ಟ. ಆದರೆ ಒಂದು ಆವೃತ್ತಿಗೆ ಸುಮಾರು ಒಂದು ವರ್ಷವಷ್ಟೇ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಅಂದರೆ ವರ್ಷಕ್ಕೊಮ್ಮೆಯಾದರೂ ಇದಕ್ಕೆ ಕೂರುವವರು ಬೇಕೇ ಬೇಕು. ಊರಲ್ಲಿ ಅಂಥವರು ಸಿಕ್ಕರೆ ವರ್ಷದ ಲೆಕ್ಕದಲ್ಲಿ ದುಡ್ಡು ಕೊಟ್ಟು ಇಟ್ಟುಕೊಳ್ಳಿ. ಅಡ್ಮಿನ್ ಪಾಸ್‌ವರ್ಡ್ ಮಾತ್ರ ನಿಮ್ಮ ಹತ್ತಿರವೂ ಇರಲಿ. ಯಾರೂ ಸಿಗಲಿಲ್ಲ ಅಂದರೆ ತಿಂಗಳ ಬಾಡಿಗೆಯ ಸೇವೆಗೆ ಹೋಗುವುದೇ ಲೇಸು.

ಪ್ರಶ್ನೆ: ನಮ್ಮದು ದಾವಣಗೆರೆಯ ಒಂದು ಸಣ್ಣ ಸಹಕಾರ ಸಂಘ. ಠರಾವು, ನೋಟಿಸು ಎಲ್ಲ 'ನುಡಿ' ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ವರ್ಡ್ ಫೈಲುಗಳು. ಗೂಗಲ್ ಡಾಕ್ಸ್‌ಗೆ ಹಾಕಿದರೆ ಏನೇನೋ ಅಕ್ಷರ ಬರುತ್ತಿದೆ. ಫೈಲ್ ಕೆಟ್ಟಿತಾ?

ಉತ್ತರ: ಕೆಟ್ಟಿಲ್ಲ. ಹಳೇ ನುಡಿ ಫಾಂಟ್‌ನಲ್ಲಿ ಫೈಲಿನೊಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ. ಫಾಂಟ್ ಅವನ್ನು ಕನ್ನಡದ ಹಾಗೆ ತೋರಿಸುತ್ತದೆ. ಗೂಗಲ್ ಡಾಕ್ಸ್‌ನಲ್ಲಿ ಆ ಫಾಂಟ್ ಇಲ್ಲ, ಹಾಗಾಗಿ ಬಣ್ಣ ಬಯಲಾಗುತ್ತದೆ. ಯೂನಿಕೋಡ್‌ಗೆ (ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಇರುವ ಪದ್ಧತಿ) ಪರಿವರ್ತಿಸಿದ ಮೇಲೆ ಎಲ್ಲ ಕಡೆ ಕಾಣುತ್ತದೆ, ಹುಡುಕಲೂ ಬರುತ್ತದೆ.

ಎಲ್ಲವನ್ನೂ ಪರಿವರ್ತಿಸಲು ಹೋಗಬೇಡಿ. ಈಗಲೂ ತಿದ್ದುವ ನಮೂನೆಗಳು, ಬೈಲಾ, ಈ ವರ್ಷದ ಠರಾವುಗಳು ಸಾಕು. ಉಳಿದ ಹಳೆಯವನ್ನು ನುಡಿ ಇರುವ ಕಂಪ್ಯೂಟರ್‌ನಲ್ಲೇ ಪಿಡಿಎಫ್ ಮಾಡಿ ವರ್ಷವಾರು ಇಟ್ಟುಬಿಡಿ. ಆ ಪಿಡಿಎಫ್‌ನಲ್ಲಿ ಕನ್ನಡ ಪದ ಹುಡುಕಿದರೆ ಸಿಗುವುದಿಲ್ಲ, ಅದಕ್ಕೇ ಫೈಲಿನ ಹೆಸರಿನಲ್ಲಿ ಸಭೆಯ ದಿನಾಂಕ ಮತ್ತು ವಿಷಯ ಇರಲಿ. ಪರಿವರ್ತಿಸಿದ್ದನ್ನು ಕಣ್ಣಾಡಿಸುವಾಗ ಅರ್ಕಾವತ್ತು ಬರುವ ಪದಗಳನ್ನು ಮೊದಲು ನೋಡಿ: ಕಾರ್ಯದರ್ಶಿ, ವರ್ಷ, ನಿರ್ದೇಶಕ. ಆಮೇಲೆ ಸದಸ್ಯರ ಹೆಸರು. ನಡುವೆ ಇಂಗ್ಲಿಷ್ ಪದ ಇದ್ದರೆ ಕೆಲವು ಪರಿವರ್ತಕಗಳು ಅದನ್ನೂ ಕನ್ನಡ ಅಂದುಕೊಂಡು ಚಿಂದಿ ಮಾಡುತ್ತವೆ. ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ ಇರುವ ಸಾಲನ್ನು ಹಳೇ ಪ್ರತಿ ಪಕ್ಕದಲ್ಲಿಟ್ಟುಕೊಂಡು ಓದಿ.