ವೇಲ್ಸ್ ಫುಟ್‌ಬಾಲ್ ಅಭಿಮಾನಿಗಳೆಲ್ಲ ಬಕೆಟ್ ಟೋಪಿ ಹಾಕೋದು ಯಾಕೆ?

ಇದು ಯಾವ ದೊಡ್ಡ ಕಂಪನಿಯ ಐಡಿಯಾನೂ ಅಲ್ಲ. ಬಾಲಾ ಎಂಬ ಪುಟ್ಟ ಊರಿನ ಅಭಿಮಾನಿಯೊಬ್ಬರು 'ಸ್ಪಿರಿಟ್ ಆಫ್ 58' (ಅಂದ್ರೆ 1958ರ ಹುಮ್ಮಸ್ಸು) ಹೆಸರಿನಲ್ಲಿ ಮಾಡಿ ಮಾರಿದ ಟೋಪಿ. ಕೆಂಪು, ಹಳದಿ, ಹಸಿರು ಪಟ್ಟೆ, ಸುತ್ತಲೂ ಇಳಿಬಿದ್ದ ಅಂಚು. ಮಡಚಿ ಜೇಬಿಗೆ ತುರುಕಬಹುದು.

ಅದು ಹಬ್ಬಿದ್ದಕ್ಕೆ ಕಾರಣ ಸಮಯ. ವೇಲ್ಸ್ 1958ರ ವಿಶ್ವಕಪ್ ಆಡಿದ ಮೇಲೆ ದೊಡ್ಡ ಟೂರ್ನಿಗೆ ಮತ್ತೆ ಬಂದದ್ದು 2016ರಲ್ಲಿ, ಫ್ರಾನ್ಸಿನಲ್ಲಿ ನಡೆದ ಯೂರೋಗೆ, ಅಂದ್ರೆ ಯುರೋಪಿನ ದೇಶಗಳ ಫುಟ್‌ಬಾಲ್ ಟೂರ್ನಿಗೆ. 58 ವರ್ಷ ಕಾದಿದ್ದ ಜನ ಸುಮ್ನೆ ಇರ್ತಾರಾ? ಸಾವಿರಾರು ಮಂದಿ ಫ್ರಾನ್ಸಿಗೆ ಹೊರಟರು, ತಲೆ ಮೇಲೆ ಈ ಟೋಪಿ. ತಂಡ ಬೆಲ್ಜಿಯಂ ಅನ್ನು 3-1ರಿಂದ ಸೋಲಿಸಿ ಸೆಮಿಫೈನಲ್ ತಲುಪಿತು. ಟಿವಿ ನೋಡಿದವರಿಗೆ ಟೋಪಿ ಕಂಡರೆ ವೇಲ್ಸ್ ಅಂತಲೇ ಗೊತ್ತಾಗತೊಡಗಿತು. ಜರ್ಸಿಯ ಕೆಂಪು ಬೇರೆ ತಂಡಗಳಿಗೂ ಇದೆ, ಈ ಪಟ್ಟೆ ಟೋಪಿ ಇವರದ್ದೇ ಅಲ್ವಾ!

2022ರ ವಿಶ್ವಕಪ್ ವೇಳೆ ಕತಾರ್‌ನ ದೋಹಾದ ಕಡಲ ದಂಡೆಯಲ್ಲಿ ಇದರದ್ದೇ ದೈತ್ಯ ಮಾದರಿ ನಿಂತಿತ್ತು. ಆಗಲೇ ಒಂದು ಗಲಾಟೆಯೂ ಆಯಿತು: ಸಲಿಂಗಿಗಳಿಗೆ ಬೆಂಬಲವಾಗಿ ಕಾಮನಬಿಲ್ಲಿನ ಬಣ್ಣದ ಟೋಪಿ ಹಾಕಿದ್ದ ಕೆಲವರಿಂದ ಕ್ರೀಡಾಂಗಣದ ಬಾಗಿಲಲ್ಲೇ ಅದನ್ನು ತೆಗೆಸಿದರು.