ಆಫೀಸಿಗೂ ಮಲೆನಾಡಿಗೂ ಒಂದೇ ರೈಡಿಂಗ್ ಜಾಕೆಟ್, ಒಂದೇ ಜೊತೆ ಬೂಟು: 15,000 ರೂಪಾಯಿಯಲ್ಲಿ ಯಾವುದು ತಗೊಳ್ಳಲಿ?

ನಿಮ್ಮದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕು. ದಿನಾ ಬೆಂಗಳೂರಿನಲ್ಲಿ ಆಫೀಸಿಗೆ ಓಡಿಸುತ್ತೀರಿ, ಆಗಾಗ ಸಕಲೇಶಪುರ, ಚಿಕ್ಕಮಗಳೂರು ಕಡೆ ಹೋಗುತ್ತೀರಿ. ಜಾಕೆಟ್ಟು, ಬೂಟು ಎರಡಕ್ಕೂ ಸೇರಿ 15,000 ರೂಪಾಯಿ ಇಟ್ಟುಕೊಂಡಿದ್ದೀರಿ. ಅಂಗಡಿಯವರು ಮೂರು ಪದರದ ‘ಆಲ್ ಸೀಸನ್’ ಜಾಕೆಟ್ ತಗೊಳ್ಳಿ ಅಂದಿದ್ದಾರೆ. ಬೂಟಿಗೆ ಸುಮ್ನೆ ಯಾಕೆ ದುಡ್ಡು, ಫ್ಯಾಕ್ಟರಿಯಲ್ಲಿ ಕೊಡುವ ಸೇಫ್ಟಿ ಶೂ ಸಾಕಲ್ವಾ ಅಂತ ಕೇಳಿದ್ದೀರಿ.

ಮೊದಲೇ ಹೇಳಿಬಿಡುತ್ತೇನೆ. ಮೆಶ್ ಜಾಕೆಟ್, ಅಂದರೆ ಗಾಳಿಯಾಡುವ ಬಲೆಯಂಥ ಬಟ್ಟೆಯದು, ತಗೊಳ್ಳಿ. ಮಳೆಗೆ ಬೇರೆ ರೈನ್‌ಕೋಟ್ ಇಟ್ಟುಕೊಳ್ಳಿ. ಉಳಿದ ದುಡ್ಡನ್ನು ಪಾದದ ಗಂಟು ಮುಚ್ಚುವ ರೈಡಿಂಗ್ ಬೂಟಿಗೆ ಹಾಕಿ. ಯಾವ ಕಂಪನಿ ಅನ್ನೋದು ಇದೆಲ್ಲ ಆದ ಮೇಲಿನ ಮಾತು. ಎಲ್ಲಕ್ಕಿಂತ ಮುಖ್ಯವಾದದ್ದು ಅಳತೆ. ಆರ್ಮರ್, ಅಂದರೆ ಹೊಡೆತ ತಡೆಯೋಕೆ ಜಾಕೆಟ್ ಒಳಗೆ ಇಡುವ ದಪ್ಪ ತುಂಡು, ಎಷ್ಟೇ ಒಳ್ಳೆಯದಿರಲಿ, ಬಿದ್ದ ಕ್ಷಣದಲ್ಲಿ ಅದು ಮೊಣಕೈ ಮೇಲೆ ಇರದೆ ಪಕ್ಕಕ್ಕೆ ಜಾರಿದ್ದರೆ ಅದರಿಂದ ಏನೂ ಪ್ರಯೋಜನವಿಲ್ಲ.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗೆಳೆಯರೊಬ್ಬರು ಬೇಲೂರು ಕಡೆಯಿಂದ ಹಾಸನಕ್ಕೆ ಬರುವಾಗ ತಿರುವಿನಲ್ಲಿ ಸಣ್ಣ ಜಲ್ಲಿ ಮೇಲೆ ಜಾರಿ ಬಿದ್ದರು. ವೇಗ ಜಾಸ್ತಿ ಇರಲಿಲ್ಲ. ಜಾಕೆಟ್ ಒಳ್ಳೆಯದೇ, ಆದರೆ ಒಳಗೆ ಸ್ವೆಟರ್ ಹಾಕೋಕೆ ಜಾಗ ಇರಲಿ ಅಂತ ಒಂದು ಸೈಜ್ ದೊಡ್ಡದು ತಗೊಂಡಿದ್ದರು. ಎದ್ದು ನಿಂತಾಗ ನೋಡಿದರೆ ಮೊಣಕೈಯ ಆರ್ಮರ್ ಮುಂಗೈಯ ಒಳಭಾಗಕ್ಕೆ ತಿರುಗಿತ್ತು. ತೋಳಿನ ಬಟ್ಟೆಯೂ ಮೇಲಕ್ಕೆ ಸರಿದಿತ್ತು. ಮೊಣಕೈ ಚರ್ಮ ಪೂರ್ತಿ ಕಿತ್ತು ಬಂದಿತ್ತು. ಭುಜಕ್ಕೆ ಮಾತ್ರ ಒಂದು ಗೀರೂ ಇರಲಿಲ್ಲ, ಯಾಕಂದರೆ ಅಲ್ಲಿ ಜಾಕೆಟ್ ಸರಿಯಾಗಿ ಕೂತಿತ್ತು.

ಹಾಗಾಗಿ ಅಂಗಡಿಯಲ್ಲಿ ಕನ್ನಡಿ ಮುಂದೆ ನಿಂತು ಚೆನ್ನಾಗಿ ಕಾಣುತ್ತಾ ಅಂತ ನೋಡಿದರೆ ಸಾಲದು. ನಿಂತಾಗ ಸರಿಯಾಗಿರುವ ಜಾಕೆಟ್ ಕೂತಾಗ ಬೇರೆಯೇ ಆಗುತ್ತದೆ. ಜಿಪ್ ಪೂರ್ತಿ ಹಾಕಿ. ತೋಳಿನ ಮೇಲಿನ ಪಟ್ಟಿ, ಸೊಂಟದ ಪಟ್ಟಿ ಎಲ್ಲ ಎಳೆದು ಬಿಗಿ ಮಾಡಿ. ಆಮೇಲೆ ಹೊರಗೆ ನಿಲ್ಲಿಸಿರುವ ನಿಮ್ಮ ಗಾಡಿ ಮೇಲೆ ಕೂತು ಹ್ಯಾಂಡಲ್ ಹಿಡಿಯಿರಿ. ಈಗ ತೋಳು ಮಣಿಕಟ್ಟಿನ ಮೂಳೆಯನ್ನು ಮುಚ್ಚಿರಬೇಕು. ಬೆನ್ನಿನ ಕೆಳಗೆ ಶರ್ಟ್ ಕಾಣಬಾರದು. ಒಂದು ಕೈಯಿಂದ ಇನ್ನೊಂದು ಕೈಯ ಮೊಣಕೈ ಆರ್ಮರ್ ಹಿಡಿದು ಪಕ್ಕಕ್ಕೆ ಜೋರಾಗಿ ತಳ್ಳಿ ನೋಡಿ. ಸ್ವಲ್ಪ ಅಲುಗಾಡಿದರೆ ಪರವಾಗಿಲ್ಲ. ಅರ್ಧ ಸುತ್ತು ತಿರುಗಿದರೆ ಆ ಸೈಜ್ ಬೇಡ. ಭುಜದ ಆರ್ಮರ್ ಭುಜದ ಗುಂಡು ಮೂಳೆಯ ಮೇಲೇ ಕೂತಿರಬೇಕು, ಕೆಳಗೆ ತೋಳಿಗೆ ಇಳಿದಿರಬಾರದು. ಉಸಿರು ಪೂರ್ತಿ ಎಳೆದುಕೊಂಡಾಗ ಎದೆ ಹಿಡಿಯಬಾರದು. ಹೊಸ ಜಾಕೆಟ್ ಸ್ವಲ್ಪ ಬಿಗಿ ಅನ್ನಿಸುವುದು ಸಹಜ.

ಆನ್‌ಲೈನಲ್ಲಿ ಸಾವಿರ ರೂಪಾಯಿ ಕಡಿಮೆ ಸಿಗುತ್ತದೆ ಅಂತ ಅಳತೆ ನೋಡದೆ ತರಿಸಬೇಡಿ. ಒಂದು ಕಂಪನಿಯ ಎಂ ಇನ್ನೊಂದರ ಎಲ್‌ಗೆ ಸಮ ಇರುತ್ತದೆ. ಬೆಂಗಳೂರಿನಲ್ಲೇ ಇದ್ದೀರಲ್ಲ, ಜೆ.ಸಿ. ರಸ್ತೆ ಕಡೆ ಒಂದು ಶನಿವಾರ ಹೋಗಿ ನಾಲ್ಕೈದು ಜಾಕೆಟ್ ಹಾಕಿ ನೋಡಿ ಬನ್ನಿ.

ಇನ್ನು ಲೇಬಲ್. ಹೆಲ್ಮೆಟ್ಟಿಗೆ ಐಎಸ್‌ಐ ಗುರುತು ನೋಡುವ ಹಾಗೆ ಜಾಕೆಟ್ಟಿಗೆ ಯುರೋಪಿನ ಇಎನ್ 17092 ಅನ್ನುವ ಗುರುತನ್ನು ನೋಡಬೇಕು. 2020ರಲ್ಲಿ ಬಂದ ಮಾನದಂಡ ಇದು. ಜಾಕೆಟ್ ಒಳಗೆ ಹೊಲಿದಿರುವ ಲೇಬಲ್‌ನಲ್ಲಿ ಬೈಕ್ ಸವಾರನ ಸಣ್ಣ ಚಿತ್ರ, ಜೊತೆಗೆ ಎ, ಎಎ ಅಥವಾ ಎಎಎ ಅಂತ ಇರುತ್ತದೆ. ಬಟ್ಟೆಯ ತುಂಡನ್ನು ತಿರುಗುವ ಯಂತ್ರಕ್ಕೆ ಕಟ್ಟಿ, ಕಾಂಕ್ರೀಟ್ ಮೇಲೆ ಬೀಳಿಸಿ, ತೂತು ಬೀಳುತ್ತದಾ ನೋಡುತ್ತಾರೆ. ಭುಜ, ಮೊಣಕೈಯಂಥ ಜಾಗದ ಬಟ್ಟೆಗೆ ಎ ದರ್ಜೆಯಲ್ಲಿ ಗಂಟೆಗೆ 45 ಕಿ.ಮೀ. ವೇಗ, ಎಎಗೆ 70, ಎಎಎಗೆ 120. ಇದು ಯಂತ್ರದ ಲೆಕ್ಕ. 70ರಲ್ಲಿ ಬಿದ್ದರೆ ಏನೂ ಆಗಲ್ಲ ಅಂತ ಅಲ್ಲ, ಆದರೆ ಒಂದನ್ನು ಇನ್ನೊಂದಕ್ಕೆ ಹೋಲಿಸೋಕೆ ಇದಕ್ಕಿಂತ ಒಳ್ಳೆಯ ದಾರಿ ಸಿಗುವುದಿಲ್ಲ. ನಿಮ್ಮ ಬಜೆಟ್ಟಿನ ಮೆಶ್ ಜಾಕೆಟ್‌ಗಳಲ್ಲಿ ಹೆಚ್ಚಿನವು ಎ ದರ್ಜೆಯವು. ಎಎ ಸಿಕ್ಕಿದರೆ ಬಿಡಬೇಡಿ. ಪೂರ್ತಿ ಮೆಶ್ ಇರುವುದಕ್ಕಿಂತ ಭುಜ, ಮೊಣಕೈ ಭಾಗದಲ್ಲಿ ಗಟ್ಟಿ ಬಟ್ಟೆ ಹಾಕಿ ಎದೆ, ಬೆನ್ನಿಗೆ ಮಾತ್ರ ಮೆಶ್ ಕೊಟ್ಟಿರುವುದು ವಾಸಿ.

ಇಲ್ಲಿ ಒಂದು ಎಚ್ಚರ ಬೇಕು. ‘ಸಿಇ ಸರ್ಟಿಫೈಡ್’, ಅಂದರೆ ಯುರೋಪಿನ ಮಾನದಂಡಕ್ಕೆ ಒಪ್ಪುತ್ತದೆ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಎಷ್ಟೋ ಸಲ ಆ ಮಾತು ಒಳಗಿನ ಆರ್ಮರ್‌ಗೆ ಮಾತ್ರ ಅನ್ವಯ, ಜಾಕೆಟ್‌ಗಲ್ಲ. ಆರ್ಮರ್‌ನ ಗುರುತು ಇಎನ್ 1621. ಭುಜ, ಮೊಣಕೈಗೆ 1621-1, ಬೆನ್ನಿಗೆ 1621-2. ಅಂಗಡಿಯಲ್ಲೇ ಜೇಬಿನಿಂದ ಆರ್ಮರ್ ಹೊರಗೆ ತೆಗೆದು ನೋಡಿ, ಯಾರೂ ಬೇಡ ಅನ್ನುವುದಿಲ್ಲ. ಅದರ ಮೇಲೇ ಅಚ್ಚಾಗಿರುತ್ತದೆ. ಲೆವೆಲ್ 1 ಆದರೆ ಕೈಕಾಲಿನ ಆರ್ಮರ್ ದಾಟಿ ಬರುವ ಹೊಡೆತ ಸರಾಸರಿ 35 ಕಿಲೋನ್ಯೂಟನ್‌ವರೆಗೆ (ಇದು ಬಲದ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು) ಇರಬಹುದು, ಲೆವೆಲ್ 2 ಆದರೆ 20. ವ್ಯತ್ಯಾಸ ದೊಡ್ಡದೇ ಅಲ್ವಾ? ಅದರ ಪಕ್ಕದಲ್ಲಿ ‘ಟಿ ಪ್ಲಸ್’ ಅನ್ನುವ ಗುರುತಿದ್ದರೆ 40 ಡಿಗ್ರಿ ಬಿಸಿಯಲ್ಲೂ ಪರೀಕ್ಷೆ ಪಾಸಾಗಿದೆ ಅಂತ ಅರ್ಥ. ಮುಂದೆ ಯಾವಾಗಲಾದರೂ ಏಪ್ರಿಲ್‌ನಲ್ಲಿ ಹಂಪಿ, ಬಾದಾಮಿ ಕಡೆ ಹೊರಟರೆ ಆ ಗುರುತು ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಬೆನ್ನಿನ ಜೇಬನ್ನು ಬಿಡದೆ ತೆಗೆದು ನೋಡಿ. ಅಲ್ಲಿ ಬಹಳಷ್ಟು ಜಾಕೆಟ್‌ಗಳಲ್ಲಿ ಬರೀ ಸ್ಪಂಜಿನ ಹಾಳೆ ಇರುತ್ತದೆ. ಎರಡು ಬೆರಳಲ್ಲಿ ಒತ್ತಿದರೆ ಬೆರಳಿಗೆ ಬೆರಳು ತಾಗುತ್ತದೆ, ಮೇಲೆ ಯಾವ ನಂಬರೂ ಇರುವುದಿಲ್ಲ. ಅದು ಜಾಕೆಟ್ ಮುದುಡದೆ ನಿಲ್ಲಲಿ ಅಂತ ಹಾಕಿದ್ದು, ಬೆನ್ನು ಕಾಯೋಕೆ ಅಲ್ಲ. ಅದನ್ನು ಕಿತ್ತು ಅದೇ ಅಳತೆಯ ಲೆವೆಲ್ 2 ಬ್ಯಾಕ್ ಪ್ರೊಟೆಕ್ಟರ್ ಹಾಕಿ. ಈ ತಿಂಗಳು ದುಡ್ಡು ಸಾಲದಿದ್ದರೆ ಮುಂದಿನ ತಿಂಗಳಾದರೂ ಹಾಕಿಸಿಕೊಳ್ಳಿ.

ಈಗ ‘ಆಲ್ ಸೀಸನ್’ ವಿಷಯ. ಈ ಜಾಕೆಟ್‌ಗಳಲ್ಲಿ ಮಳೆ ತಡೆಯುವ ಪದರ ಸಾಮಾನ್ಯವಾಗಿ ಒಳಗಡೆ ಇರುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಇದ್ದಕ್ಕಿದ್ದ ಹಾಗೆ ಮಳೆ ಬಂತು ಅಂದುಕೊಳ್ಳಿ. ಗಾಡಿ ನಿಲ್ಲಿಸಬೇಕು, ಮಳೆಯಲ್ಲೇ ಜಾಕೆಟ್ ಬಿಚ್ಚಬೇಕು, ಒಳಪದರದ ಜಿಪ್ ಕೂಡಿಸಬೇಕು, ಮತ್ತೆ ಹಾಕಿಕೊಳ್ಳಬೇಕು. ಅಷ್ಟರಲ್ಲಿ ಒಳಗಿನ ಬನಿಯನ್ ಕೂಡ ಒದ್ದೆ. ಆಮೇಲೂ ಹೊರಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಹೊರಜೇಬಿನಲ್ಲಿಟ್ಟ ಮೊಬೈಲ್, ಪರ್ಸು ನೆನೆಯುತ್ತವೆ, ಗಾಳಿಗೆ ಮೈ ನಡುಗುತ್ತದೆ. ಮೆಶ್ ಜಾಕೆಟ್ ಮೇಲೆ ಹಾಕುವ ಹಾಗೆ ಒಂದು ಸೈಜ್ ದೊಡ್ಡ ರೈನ್‌ಕೋಟ್, ಪ್ಯಾಂಟ್ ಇದ್ದರೆ ಈ ಗೋಳೇ ಇಲ್ಲ. ಡಿಸೆಂಬರಿನಲ್ಲಿ ಬೆಳಗ್ಗೆ ಐದಕ್ಕೆ ಬೆಂಗಳೂರು ಬಿಟ್ಟು ನೆಲಮಂಗಲ, ಕುಣಿಗಲ್ ದಾಟುವಾಗಲೂ ಅದೇ ರೈನ್‌ಕೋಟ್ ಗಾಳಿ ತಡೆಯುತ್ತದೆ. ಬಿಸಿಲು ಏರಿದ ಮೇಲೆ ತೆಗೆದು ಬ್ಯಾಗಿಗೆ ಹಾಕಿದರಾಯಿತು.

ನಾನು ಮೆಶ್ ಅಂತ ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣ ನಿಮ್ಮ ಆಫೀಸು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಹತ್ತು ನಿಮಿಷ ನಿಂತರೆ ದಪ್ಪ ಜಾಕೆಟ್ ಒಳಗೆ ಬೆವರಿನ ಸ್ನಾನ. ಒಂದು ವಾರ ಹಾಕುತ್ತೀರಿ, ಆಮೇಲೆ ಹತ್ತಿರ ತಾನೇ ಅಂತ ಮನೆಯಲ್ಲೇ ಬಿಡುತ್ತೀರಿ. ಗೂಟಕ್ಕೆ ನೇತು ಹಾಕಿದ ಎಎಎ ಜಾಕೆಟ್‌ಗಿಂತ ಮೈಮೇಲಿರುವ ಎ ಜಾಕೆಟ್ ಎಷ್ಟೋ ಮೇಲು. ಒಂದು ಮಾತು ಮಾತ್ರ ನೆನಪಿರಲಿ: ರಾಯಚೂರು, ಕಲಬುರಗಿ ಕಡೆ 40 ಡಿಗ್ರಿ ದಾಟಿದಾಗ ಮೆಶ್ ಒಳಗೆ ನುಗ್ಗುವ ಗಾಳಿ ಮೈಗಿಂತ ಬಿಸಿ ಇರುತ್ತದೆ. ತಂಪು ಮಾಡುವ ಬದಲು ಮೈಯ ನೀರು ಹೀರುತ್ತದೆ. ಆಗ ಟೀ ಶರ್ಟ್ ಒದ್ದೆ ಮಾಡಿ ಹಾಕಿಕೊಂಡು ಮೇಲೆ ಜಾಕೆಟ್ ಹಾಕಿ, ಆಗಾಗ ನಿಲ್ಲಿಸಿ ನೀರು ಕುಡಿಯಿರಿ.

ಲೆದರ್ ಬಗ್ಗೆಯೂ ಕೇಳಿದ್ದೀರಿ. ಉಜ್ಜಿಕೊಂಡು ಹೋದಾಗ ಒಳ್ಳೆಯ ಲೆದರ್ ತಡೆದುಕೊಳ್ಳುವಷ್ಟು ಮಾಮೂಲಿ ಬಟ್ಟೆ ತಡೆಯಲ್ಲ, ನಿಜ. ಆದರೆ ನಮ್ಮ ಸೆಖೆಗೆ ಕಷ್ಟ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ನಿಮ್ಮ ಓಡಾಟಕ್ಕೆ ಬೇಡ. ಬಣ್ಣ ಕಪ್ಪು ಬೇಡ, ತಿಳಿ ಬೂದು ತಗೊಳ್ಳಿ. ಬಿಸಿಲಿಗೂ ವಾಸಿ, ಎದುರಿನವರ ಕಣ್ಣಿಗೂ ಬೀಳುತ್ತೀರಿ.

ಬೂಟಿಗೆ ಬರೋಣ. ಜನ ಜಾಕೆಟ್ಟಿಗೆ ಹತ್ತು ಸಾವಿರ ಕೊಟ್ಟು ಕಾಲಿಗೆ ಕ್ರಾಕ್ಸ್ ಹಾಕಿಕೊಂಡು ಹೊರಡುವುದನ್ನು ನೋಡಿದರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಗಾಡಿ ಪಕ್ಕಕ್ಕೆ ಬಿದ್ದರೆ ಅದರ ಕೆಳಗೆ ಸಿಕ್ಕಿಕೊಳ್ಳುವುದು ಕಾಲು. ನಿಮ್ಮ ಕ್ಲಾಸಿಕ್ ಸುಮಾರು 195 ಕೆ.ಜಿ. ಇದೆ. ಆ ಭಾರ ಪಾದದ ಗಂಟಿನ ಮೇಲೆ ಬಂದರೆ, ಪಾದ ಒಂದು ಕಡೆಗೂ ಕಾಲು ಇನ್ನೊಂದು ಕಡೆಗೂ ತಿರುಗಿದರೆ, ಅದು ವಾಸಿಯಾಗೋಕೆ ತಿಂಗಳುಗಟ್ಟಲೆ ಬೇಕು.

ನಿಮ್ಮ ಸೇಫ್ಟಿ ಶೂ ಚಪ್ಪಲಿಗಿಂತ, ಸ್ಪೋರ್ಟ್ಸ್ ಶೂಗಿಂತ ಖಂಡಿತ ಮೇಲು. 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನ ಅಪಘಾತವಾದ ಬೈಕ್ ಸವಾರರ ಬಟ್ಟೆ, ಗಾಯ ಎರಡನ್ನೂ ನೋಡಿತ್ತು. ರೈಡಿಂಗ್‌ಗೆ ಮಾಡಿರದ ಬೂಟು ಹಾಕಿದವರಿಗೂ ಓಡುವ ಶೂ ಹಾಕಿದವರಿಗಿಂತ ಪಾದದ ಗಾಯ ಕಡಿಮೆ ಅಂತ ಅದರಲ್ಲಿ ಕಂಡುಬಂದಿತ್ತು. ಹಾಗಾಗಿ ಬೂಟು ಕೊಳ್ಳುವವರೆಗೆ ಅದನ್ನೇ ಹಾಕಿಕೊಳ್ಳಿ. ಆದರೆ ಅದು ಕಾಯುವುದು ಬೆರಳನ್ನು, ಗಂಟನ್ನಲ್ಲ. ಮೂತಿ ದಪ್ಪ ಇರುವುದರಿಂದ ಗೇರ್ ಲಿವರ್ ಕೆಳಗೆ ಕಾಲು ತೂರಲ್ಲ. ಕ್ಲಾಸಿಕ್‌ಗೆ ಹಿಮ್ಮಡಿಯಿಂದ ಒತ್ತುವ ಲಿವರ್ ಇರುವುದರಿಂದ ಹೇಗೋ ನಡೆಯುತ್ತದೆ, ಬ್ರೇಕ್ ಕಡೆ ಮಾತ್ರ ಎಷ್ಟು ಒತ್ತಿದೆ ಅಂತ ಗೊತ್ತೇ ಆಗಲ್ಲ. ಲೇಸು ಬೇರೆ ಹೊರಗೆ ನೇತಾಡುತ್ತದೆ. ಗೇರ್ ಲಿವರ್‌ಗೆ ಸಿಕ್ಕಿ ಸಿಗ್ನಲ್‌ನಲ್ಲಿ ಕಾಲು ಕೆಳಗಿಡೋಕೆ ಆಗದೆ ಬಿದ್ದವರಿದ್ದಾರೆ. ಹಾಕಿದಾಗಲೆಲ್ಲ ಲೇಸನ್ನು ಒಳಗೆ ಸಿಕ್ಕಿಸಿ. ಗಂಬೂಟು ನೀರು ತಡೆಯುತ್ತದೆ, ಅಷ್ಟೇ.

ರೈಡಿಂಗ್ ಬೂಟಿನ ಗುರುತು ಇಎನ್ 13634. ನಾಲಿಗೆಯ ಹಿಂದೆ ಅಥವಾ ಒಳಬದಿಯಲ್ಲಿ ಸವಾರನ ಚಿತ್ರ, ಅದರ ಕೆಳಗೆ ನಾಲ್ಕು ಅಂಕಿ ಇರುತ್ತವೆ, ಪ್ರತಿಯೊಂದೂ 1 ಅಥವಾ 2. ಮೊದಲನೆಯದು ಎತ್ತರ. ಎರಡನೆಯದು ಉಜ್ಜುವುದನ್ನು ತಡೆಯುವ ಶಕ್ತಿ, ಮೂರನೆಯದು ಕೊಯ್ಯುವುದನ್ನು ತಡೆಯುವ ಶಕ್ತಿ. ನಾಲ್ಕನೆಯದು ಪಾದವನ್ನು ಅಡ್ಡಡ್ಡ ಒತ್ತಿದಾಗ ಅಟ್ಟೆ ಎಷ್ಟು ತಡೆಯುತ್ತದೆ ಅನ್ನೋದು. ನಾನು ಮೊದಲು ನೋಡುವುದು ಈ ನಾಲ್ಕನೆಯ ಅಂಕಿಯನ್ನೇ. ಐಪಿಎ ಅಂತ ಇದ್ದರೆ ಪಾದದ ಗಂಟಿಗೆ ರಕ್ಷಣೆ ಇದೆ, ಡಬ್ಲ್ಯೂಆರ್ ಇದ್ದರೆ ನೀರು ತಡೆಯುತ್ತದೆ.

ಲೇಬಲ್ ಇಲ್ಲದ ಬೂಟಾದರೆ ಕೈಯಲ್ಲೇ ಪರೀಕ್ಷೆ ಮಾಡಿ. ಅಟ್ಟೆಯನ್ನು ಎರಡೂ ಪಕ್ಕದಿಂದ ಅಂಗೈಯಲ್ಲಿ ಒತ್ತಿ, ಮಡಚಿಕೊಳ್ಳಬಾರದು. ಮೂತಿ, ಹಿಮ್ಮಡಿ ಹಿಡಿದು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ, ಸುಲಭವಾಗಿ ತಿರುಗಬಾರದು. ಗಂಟಿನ ಎರಡೂ ಬದಿ ಹೆಬ್ಬೆರಳಿನಿಂದ ಒತ್ತಿದಾಗ ಒಳಗೆ ಗಟ್ಟಿ ತಟ್ಟೆ ತಾಗಬೇಕು. ಹೊರಗಿನ ಗಂಟಿಗೆ ಮಾತ್ರ ತಟ್ಟೆ ಹಾಕಿ ಒಳಗಿನದನ್ನು ಖಾಲಿ ಬಿಟ್ಟ ಬೂಟುಗಳಿವೆ, ಅಂಥದ್ದು ಬೇಡ.

ಅಳತೆ ನೋಡೋಕೆ ಸಂಜೆ ಹೋಗಿ, ಅಷ್ಟೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ರೈಡ್‌ಗೆ ಹಾಕುವ ದಪ್ಪ ಸಾಕ್ಸ್ ತಗೊಂಡೇ ಹೋಗಿ. ನಮ್ಮಲ್ಲಿ ಬಹಳ ಜನರ ಪಾದ ಮುಂದೆ ಅಗಲ, ಹಾಗಾಗಿ ಬೆರಳು ಒತ್ತಿಕೊಳ್ಳುತ್ತವಾ ನೋಡಿ. ಹಾಕಿಕೊಂಡು ಹತ್ತು ನಿಮಿಷ ಅಂಗಡಿಯಲ್ಲೇ ಓಡಾಡಿ, ಮೆಟ್ಟಿಲು ಹತ್ತಿ ಇಳಿಯಿರಿ. ಹಿಮ್ಮಡಿ ಮೇಲೇಳಬಾರದು. ಮನೆಗೆ ತಂದ ಮೇಲೆ ಗೇರ್ ಹಾಕುವಾಗ ಲಿವರ್ ತಗ್ಗು ಅನ್ನಿಸಿದರೆ ಮೆಕ್ಯಾನಿಕ್ ಹತ್ತಿರ ಹೇಳಿ, ಒಂದು ಹಲ್ಲು ಮೇಲಕ್ಕೆ ಕೂರಿಸಿಕೊಡುತ್ತಾರೆ. ಅಲ್ಲಿಂದ ಗೇರ್ ಹಾಕುವುದು ಸಲೀಸು. ಮಳೆಯಲ್ಲಿ ರೈನ್‌ಪ್ಯಾಂಟನ್ನು ಬೂಟಿನ ಒಳಗೆ ತುರುಕಬೇಡಿ, ಮೇಲೆ ಇಳಿಬಿಡಿ. ಒಳಗೆ ತುರುಕಿದರೆ ಎಂಥ ವಾಟರ್‌ಪ್ರೂಫ್ ಬೂಟಾದರೂ ಮೇಲಿನಿಂದ ತುಂಬುತ್ತದೆ.

ದುಡ್ಡು ಹಂಚುವುದು ಹೀಗೆ: ಜಾಕೆಟ್ಟಿಗೆ ಏಳು ಸಾವಿರದ ಆಸುಪಾಸು, ಬೂಟಿಗೆ ಆರೂವರೆ, ರೈನ್‌ಕೋಟಿಗೆ ಒಂದೂವರೆ. ಭಾರತದ ಕಂಪನಿಗಳೇ ಈಗ ಈ ಬೆಲೆಗೆ ಒಳ್ಳೆಯ ಮಾಲು ಕೊಡುತ್ತವೆ. ಆಲ್ಪೈನ್‌ಸ್ಟಾರ್ಸ್, ಡೈನೀಸ್ ಅಂತ ಹೋದರೆ ಜಾಕೆಟ್ ಒಂದಕ್ಕೇ ಬಜೆಟ್ ಮುಗಿಯುತ್ತದೆ, ಕಾಲು ಬರಿದಾಗುತ್ತದೆ. ಗ್ಲೌಸ್ ಇದೆ ಅಂತ ಬರೆದಿದ್ದೀರಿ, ಅಂಗೈ ಕೆಳಭಾಗದಲ್ಲಿ ಗಟ್ಟಿ ತುಂಡು ಇದೆಯಾ ಒಮ್ಮೆ ನೋಡಿಕೊಳ್ಳಿ.

ನಿಮ್ಮ ಮನೆಯವರೂ ಕೆಲವು ಸಲ ಹಿಂದೆ ಕೂತು ಬರುತ್ತಾರೆ ಅಂತ ಕೊನೆಯಲ್ಲಿ ಬರೆದಿದ್ದೀರಿ. ಹಾಗಿದ್ದರೆ ದಯವಿಟ್ಟು ಅವರಿಗೂ ಜಾಕೆಟ್ ತಗೊಳ್ಳಿ. ನಿಮ್ಮ ಹಳೆಯದನ್ನು ಕೊಡಬೇಡಿ, ಅಳತೆ ಕೂರಲ್ಲ. ಹೆಂಗಸರಿಗೆ ಬೇರೆ ಅಳತೆಯಲ್ಲಿ ಮಾಡಿದ ಜಾಕೆಟ್‌ಗಳು ಸಿಗುತ್ತವೆ. ಎರಡನೇ ಜಾಕೆಟ್ಟಿಗೆ ದುಡ್ಡು ಕೂಡುವವರೆಗೆ ದೂರದ ಪ್ರಯಾಣಕ್ಕೆ ಇಬ್ಬರೂ ಬಸ್ಸು, ರೈಲು ಹಿಡಿಯಿರಿ.

ನಿಮ್ಮ ಎತ್ತರ, ಎದೆ ಸುತ್ತಳತೆ, ಶೂ ಸೈಜು ಬರೆದರೆ ಯಾವ ಕಂಪನಿಯ ಯಾವ ಸೈಜಿನಿಂದ ನೋಡೋಕೆ ಶುರು ಮಾಡಬೇಕು ಅಂತ ಹೇಳುತ್ತೇನೆ.